ತೊಗರಿಬೇಳೆ ತೂಕದ ರಿವಾಲ್ವರ್

ಎರಡನೆಯ ರಿವಾಲ್ವರ್ ಕೊಳ್ಳುವ ಮೊದಲು ನಾನು ಎರಡು ವಾರ ಎದೆಗೆ ತೊಗರಿಬೇಳೆ ಕಟ್ಟಿಕೊಂಡು ತಿರುಗಿದೆ. ತಮಾಷೆಗಲ್ಲ. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಬೇಳೆಯ ಪೊಟ್ಟಣಗಳು ಎರಡು ಪೌಂಡು, ನಾಲ್ಕು ಪೌಂಡಿನ ಲೆಕ್ಕದಲ್ಲಿ ಬರುತ್ತವೆ. ಎರಡು ಪೌಂಡು ಅಂದರೆ ಸುಮಾರು 900 ಗ್ರಾಂ, ನಾಲ್ಕು ಅಂದರೆ 1.8 ಕಿಲೋ. ದೊಡ್ಡ ಬೋರಿನ ರಿವಾಲ್ವರುಗಳಲ್ಲಿ ಅತಿ ಹಗುರವಾದದ್ದು ಚಿಕ್ಕ ಪೊಟ್ಟಣಕ್ಕಿಂತಲೂ ಕಡಿಮೆ ತೂಗುತ್ತದೆ. ಅತಿ ಭಾರದ್ದು ದೊಡ್ಡ ಪೊಟ್ಟಣವನ್ನೂ ಮೀರುತ್ತದೆ. ನನ್ನ ಕಣ್ಣು ಬಿದ್ದಿದ್ದ ರಿವಾಲ್ವರ್ ತೋಟೆ ತುಂಬಿದ ಮೇಲೆ 1.3 ಕಿಲೋ. ಅಷ್ಟೇ ಬೇಳೆಯನ್ನು ತೂಗಿ, ದಪ್ಪ ಚೀಲಕ್ಕೆ ಸುರಿದು, ಎದೆಯ ಪಟ್ಟಿಗೆ ಬಿಗಿದುಕೊಂಡು ಗುಡ್ಡ ಹತ್ತಿದೆ, ಸೌದೆ ಒಡೆದೆ, ಅಂಗಳದ ಹಿಮ ಗೋರಿದೆ. ಹದಿನೈದನೆಯ ದಿನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಆ ಬೇಳೆಯನ್ನು ಇನ್ನು ಸಾರಿಗೆ ಹಾಕಬಹುದೋ, ಅದಕ್ಕೂ ಲೈಸೆನ್ಸ್ ಬೇಕೋ?"

ನಾವಿರುವುದು ಮೊಂಟಾನಾ ರಾಜ್ಯದ ಬೋಜ್‌ಮನ್ ಊರಿನ ಹೊರವಲಯದಲ್ಲಿ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಉತ್ತರ ದ್ವಾರ ಇಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ. ಉದ್ಯಾನಕ್ಕೆ ಬೇಲಿಯಿಲ್ಲ, ಒಳಗಿನ ಗ್ರಿಜ್ಲಿ ಕರಡಿಗಳಿಗೆ ನಕ್ಷೆ ಓದಲು ಬರುವುದಿಲ್ಲ. ಮಲೆನಾಡಿನ ಹಲಸಿನ ಮರದಡಿ ಕಾಣುವ ಕರಡಿಯನ್ನು ನೆನೆದುಕೊಳ್ಳಬೇಡಿ. ಗಂಡು ಗ್ರಿಜ್ಲಿ 200ರಿಂದ 300 ಕಿಲೋ ತೂಗುತ್ತದೆ, ಗಂಟೆಗೆ 50 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡುತ್ತದೆ. ಮೂವತ್ತು ಮೀಟರ್ ದೂರದಲ್ಲಿದ್ದದ್ದು ಮೈಮೇಲೆ ಬೀಳಲು ಎರಡು ಸೆಕೆಂಡು ಸಾಕು. 1975ರಿಂದ ಅದು ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಪ್ರಾಣಿ. ಯಾರೂ ಅದನ್ನು ಬೇಟೆಯಾಡುವಂತಿಲ್ಲ. ಬೇಟೆಯಾಡುವುದು ಜಿಂಕೆಯನ್ನು, ಕಡವೆಯಂಥ ಎಲ್ಕ್ ಅನ್ನು. ಆದರೆ ಜಿಂಕೆಯೂ ಕರಡಿಯೂ ಇರುವುದು ಒಂದೇ ಕಾಡಿನಲ್ಲಿ. ಆದ್ದರಿಂದ ಇಲ್ಲಿ ದೊಡ್ಡ ರಿವಾಲ್ವರ್ ಕೊಳ್ಳುವವನು ಒಂದೇ ಕಬ್ಬಿಣದಿಂದ ಎರಡು ಕೆಲಸ ಬಯಸುತ್ತಾನೆ: ಜಿಂಕೆಯನ್ನು ಹೊಡೆಯಬೇಕು, ಕರಡಿ ನುಗ್ಗಿದರೆ ಜೀವ ಉಳಿಸಬೇಕು. ಎರಡೂ ಕೆಲಸಗಳು ರಿವಾಲ್ವರನ್ನು ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಅದು ನನಗೆ ಅರ್ಥವಾಗಲು ಮೂರು ವರ್ಷ ಮತ್ತು ಒಂದು ತಪ್ಪು ಖರೀದಿ ಬೇಕಾಯಿತು.

ಸಕಲೇಶಪುರದ ಕಡೆಯವನಾದ ನನಗೆ ಕೋವಿ ಹೊಸದೇನಲ್ಲ. ಅಪ್ಪಯ್ಯನ ಒಂಟಿ ನಳಿಗೆಯ ಹನ್ನೆರಡು ಬೋರಿನ ಕೋವಿ ನಡುಮನೆಯ ಗೂಟದಲ್ಲಿ ನೇತಾಡುತ್ತಿತ್ತು. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸ್. ಗಡಿಯಾಚೆಯ ಕೊಡವರಿಗೆ ಲೈಸೆನ್ಸಿನಿಂದಲೇ ವಿನಾಯಿತಿಯಿದೆ, 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದರು; ನಮಗೆ ಆ ಭಾಗ್ಯವಿಲ್ಲ. ನವೀಕರಣದ ಅರ್ಜಿ, ಠಾಣೆಯ ವರದಿ, ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬರುವ ಕೆಲಸ, ಇವೆಲ್ಲ ನಮ್ಮ ಮನೆಯ ಪಂಚಾಂಗದಲ್ಲಿ ಹಬ್ಬಗಳ ಜೊತೆಗೇ ಇದ್ದವು. ಅಜ್ಜನ ಶಿಕಾರಿಯ ಕತೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹಿಂದಿನವು. ನಾನು ಕಂಡಂತೆ ಅಪ್ಪಯ್ಯ ಹೊಡೆದದ್ದೆಲ್ಲ ಆಕಾಶಕ್ಕೆ. ಗದ್ದೆಗೆ ಆನೆ ಇಳಿದ ರಾತ್ರಿ ಅಂಗಳದಲ್ಲಿ ನಿಂತು ಒಂದು ಈಡು ಹಾರಿಸುತ್ತಿದ್ದರು, ಆನೆ ಕೆಲವೊಮ್ಮೆ ಹೋಗುತ್ತಿತ್ತು, ಕೆಲವೊಮ್ಮೆ ಇನ್ನೊಂದು ಗದ್ದೆಗೆ ಇಳಿಯುತ್ತಿತ್ತು. ನನ್ನ ಪಾಲಿಗೆ ಕೋವಿ ಎಂದರೆ ಸದ್ದು. ಗುರಿ ಎಂಬುದು ಅದರ ಕೆಲಸಗಳಲ್ಲಿ ಒಂದು ಎಂದು ಯಾರೂ ಕಲಿಸಿರಲಿಲ್ಲ.

ಇಲ್ಲಿಗೆ ಬಂದದ್ದು ಎಚ್‌-1ಬಿ ವೀಸಾದಲ್ಲಿ. ಆ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಕೇಂದ್ರದ ಕಾನೂನು. ಆದರೆ ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಇದ್ದರೆ ಇಟ್ಟುಕೊಳ್ಳಬಹುದು ಎಂದೂ ಅದೇ ಕಾನೂನು ಹೇಳುತ್ತದೆ. ಆ ಕಿಟಕಿಯಲ್ಲಿ ತೂರುವ ಧೈರ್ಯ ನನಗೆ ಬರಲಿಲ್ಲ. ಹಸಿರು ಕಾರ್ಡು ಬರುವವರೆಗೆ ಕಾದೆ. 1985ರ ಜನವರಿ 1ರ ನಂತರ ಹುಟ್ಟಿದವರು ಮೊಂಟಾನಾದಲ್ಲಿ ಬೇಟೆ ಪರವಾನಗಿ ಪಡೆಯಲು ತರಬೇತಿ ಮುಗಿಸಿರಬೇಕು. ಹತ್ತು ಹನ್ನೆರಡು ವರ್ಷದ ಮಕ್ಕಳ ನಡುವೆ ನಾನೊಬ್ಬ ನಲವತ್ತಕ್ಕೆ ಹತ್ತಿರದವನು ಕುಳಿತು ಪಾಠ ಕೇಳಿದೆ. ಆಮೇಲೆ ಅಂಗಡಿಯಲ್ಲಿ ನಮೂನೆ 4473 ತುಂಬಿಸಿದರು, ಹಿನ್ನೆಲೆ ಪರಿಶೀಲನೆಗೆ ಕಳುಹಿಸಿದರು. ಅಪ್ಪಯ್ಯನ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಬೇಕಾಗುತ್ತಿದ್ದ ಸಮಯದಲ್ಲಿ ಇಲ್ಲಿ ನೂರು ಜನ ಕೋವಿ ಕೊಂಡು ಮನೆ ಸೇರಿರುತ್ತಾರೆ. ಇದರಲ್ಲಿ ಯಾವುದು ಸರಿ ಎಂದು ಕೇಳಿದರೆ, ಎರಡೂ ಅಲ್ಲ ಎಂದೇ ನನ್ನ ಉತ್ತರ.

ಮೊದಲು ಕೊಂಡದ್ದು .454 ಕಸೂಲ್ ಎಂಬ ದೊಡ್ಡ ತೋಟೆಯ ರಿವಾಲ್ವರ್. ಏಳೂವರೆ ಇಂಚಿನ ನಳಿಗೆ, ತೋಟೆ ತುಂಬದೆಯೇ ಒಂದೂವರೆ ಕಿಲೋ ತೂಕ. ಕರಡಿಯ ನಾಡು, ದೊಡ್ಡದನ್ನೇ ಕೊಳ್ಳೋಣ ಎಂಬ ಹೊಸಬನ ಲೆಕ್ಕ. ಯಾರೂ ನನಗೆ ಮೋಸ ಮಾಡಲಿಲ್ಲ. ನಾನೇ ಹೋಗಿ ಅದನ್ನು ಬೆರಳು ಮಾಡಿ ತೋರಿಸಿದೆ. ಮೊದಲ ದಿನ ಐದು ಈಡು ಹಾರಿಸಿದೆ. ಹೆಬ್ಬೆರಳಿನ ಬುಡದ ಚರ್ಮ ಸುಲಿದು ಬಂತು. ಎರಡು ಪದರದ ಕಿವಿರಕ್ಷಕ ಇದ್ದರೂ ಸದ್ದು ಹಲ್ಲಿಗೆ ಬಡಿಯಿತು. ಆರನೆಯದಕ್ಕೆ ಕೈ ಬರಲಿಲ್ಲ.

ನೆರೆಮನೆಯಲ್ಲೊಬ್ಬ ಹಿರಿಯರಿದ್ದಾರೆ, ಎಪ್ಪತ್ತು ದಾಟಿದವರು, ಬದುಕಿಡೀ ದನ ಸಾಕಿದವರು. ಒಂದು ಶನಿವಾರ ಜೊತೆಗೆ ಬಂದರು. ನನಗೆ ಬೆನ್ನು ಮಾಡಿ ನಿಂತು ಸಿಲಿಂಡರಿಗೆ ತಾವೇ ತುಂಬಿ ನನ್ನ ಕೈಗೆ ಕೊಟ್ಟರು. ಒಂದು ಹಾರಿತು, ಗುಂಡು ಹಲಗೆಯ ಕೆಳಗಿನ ಮಣ್ಣಿಗೆ ಹೋಯಿತು. ಇನ್ನೊಂದು ಹಾರಿತು, ಮತ್ತೆ ಮಣ್ಣಿಗೆ. ಮೂರನೆಯ ಸಲ ಟ್ರಿಗರ್ ಎಳೆದೆ, ಬರೀ "ಟಕ್" ಎಂದಿತು. ಅವರು ಅಲ್ಲಿ ಖಾಲಿ ಚಿಪ್ಪು ತುರುಕಿದ್ದರು. ಹಾರದ ಆ ರಿವಾಲ್ವರಿನ ಮೂತಿ ನನ್ನ ಕಣ್ಣೆದುರೇ ನಾಲ್ಕು ಬೆರಳು ಕೆಳಗೆ ಕುಸಿಯಿತು. ಒದೆತ ಬರುವ ಮೊದಲೇ ನನ್ನ ಮಣಿಕಟ್ಟು ಅದನ್ನು ಒತ್ತಿ ಹಿಡಿಯಲು ಹೋಗಿತ್ತು, ಕಣ್ಣೂ ಮುಚ್ಚಿತ್ತು. ಆ ಹಿರಿಯರು ಏನೂ ಅನ್ನಲಿಲ್ಲ. ಇನ್ನೊಮ್ಮೆ ಬೆನ್ನು ಮಾಡಿ ತುಂಬಿ ಕೊಟ್ಟರು. ಮತ್ತೆ ಕುಸಿಯಿತು. ಕಬ್ಬಿಣಕ್ಕೆ ಎಷ್ಟು ಬಲವಿದ್ದರೇನು, ಮಣ್ಣಿಗೆ ಹೋಗುವ ಗುಂಡಿಗೆ ಯಾವ ಕರಡಿಯೂ ಹೆದರುವುದಿಲ್ಲ. ಒಂಬತ್ತು ತಿಂಗಳ ನಂತರ ಅದನ್ನು ಮಾರಿದೆ.

ಆಮೇಲೆ ಓದಲು ಕುಳಿತೆ. ಕೊಳ್ಳುವ ಮೊದಲು ಓದುವುದು ಜಾಣರ ರೀತಿ, ನನ್ನದು ತಿರುಗುಮುರುಗು. ಇಲ್ಲಿಯವರು ಗುಂಡಿನ ತೂಕ ಹೇಳುವುದು ಗ್ರೇನ್‌ನಲ್ಲಿ. ಜವೆಗೋಧಿಯ ಕಾಳಿನಿಂದ ಹುಟ್ಟಿದ ಅಳತೆ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ದಾಯಾದಿ. 1935ರಲ್ಲಿ ಬಂದ, ಹೆಚ್ಚು ಬಲದ ತೋಟೆಯಾದ .357 ಮ್ಯಾಗ್ನಮ್‌ನ ಗುಂಡು ಸಾಮಾನ್ಯವಾಗಿ 158 ಗ್ರೇನ್. .44 ಮ್ಯಾಗ್ನಮ್‌ನದು 240, ಅಂದರೆ ಒಂದೂಕಾಲು ತೊಲಕ್ಕಿಂತ ತುಸು ಜಾಸ್ತಿ ಸೀಸ. .357ರ ಹೊಡೆತ ಸುಮಾರು 700 ಜೂಲ್, .44ರದ್ದು ಸಾವಿರದಿಂದ ಸಾವಿರದ ಮುನ್ನೂರು, .454ರದ್ದು ಅದರ ಇಮ್ಮಡಿಯ ಹತ್ತಿರ. 2003ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ತಂದ .500 ಇವೆಲ್ಲಕ್ಕೂ ದೊಡ್ಡಣ್ಣ. ಅದರ ಉದ್ದ ನಳಿಗೆಯ ಮಾದರಿ ಎರಡು ಕಿಲೋ ತೂಗುತ್ತದೆ, ಹಿಡಿಯುವುದು ಐದೇ ತೋಟೆ. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಗುಡ್ಡ ಹತ್ತುವವರನ್ನು ನಾನು ನೋಡಿಲ್ಲ. ಕಾರಿನಲ್ಲಿ ಬಿಟ್ಟು ಹತ್ತುವವರನ್ನು ನೋಡಿದ್ದೇನೆ.

.44ರ ಕತೆ ನನಗೆ ಇಷ್ಟವಾಗಲು ಇನ್ನೊಂದು ಕಾರಣ, ಅದರ ಮೂಲ ಇಲ್ಲೇ ಪಕ್ಕದಲ್ಲಿದೆ. ಗಡಿ ದಾಟಿದರೆ ಐಡಾಹೊದ ಸ್ಯಾಮನ್ ಎಂಬ ಊರು. ಅಲ್ಲಿದ್ದ ಎಲ್ಮರ್ ಕೀತ್ ಎಂಬ ದನಗಾರ ಬೇಟೆಗಾರ 1907ರ ಹಳೆಯ .44 ಸ್ಪೆಷಲ್ ತೋಟೆಗೆ ಹೆಚ್ಚು ಮದ್ದು ತುಂಬಿ ಹೊಡೆಯುತ್ತಾ, ಇಂಥದ್ದನ್ನು ನೀವೇ ಮಾಡಿ ಎಂದು ಕಂಪನಿಗಳ ಬೆನ್ನು ಬಿದ್ದಿದ್ದ. ಕೊನೆಗೆ ರೆಮಿಂಗ್ಟನ್ ತೋಟೆ ಮಾಡಿತು, ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಮಾಡಿತು, 1956ರಲ್ಲಿ ಅಂಗಡಿಗೆ ಬಂತು. (ಅಂದ ಹಾಗೆ .44 ಎಂಬ ಹೆಸರೇ ಸುಳ್ಳು; ಗುಂಡಿನ ವ್ಯಾಸ .429 ಇಂಚು. ಹೆಸರಿನಲ್ಲಿ ಒಂದು, ಅಳತೆಯಲ್ಲಿ ಇನ್ನೊಂದು, ನಮ್ಮ ಕಡೆಯ ಆಸ್ತಿಪತ್ರಗಳ ಹಾಗೆ.) .44 ಮ್ಯಾಗ್ನಮ್ ರಿವಾಲ್ವರಿನಲ್ಲಿ ಆ ಹಳೆಯ ಸ್ಪೆಷಲ್ ತೋಟೆಯನ್ನೂ ಹಾರಿಸಬಹುದು. ಮೆತ್ತಗೆ ಒದೆಯುತ್ತದೆ. .454ರಲ್ಲೂ ಹಾಗೆಯೇ 1873ರ ಕಾಲದ .45 ಕೋಲ್ಟ್ ತೋಟೆ ಹಿಡಿಯುತ್ತದೆ ಎಂಬುದು, ಅದನ್ನು ಮಾರುವ ಹೊತ್ತಿಗೆ ನನಗೆ ಗೊತ್ತಿತ್ತು. ಆದರೆ ಒಮ್ಮೆ ಬೆಚ್ಚಿದ ಕೈ ಆ ಹಿಡಿಯನ್ನು ಮತ್ತೆ ನಂಬಲಿಲ್ಲ.

ಬೇಟೆಗೆ ನಳಿಗೆ ಉದ್ದವಿದ್ದಷ್ಟೂ ಒಳ್ಳೆಯದು. ಗುಂಡಿಗೆ ವೇಗ ಸಿಗುತ್ತದೆ, ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಗುರಿಗುಬ್ಬಿಗೂ ಹಿಂದಿನ ಕಚ್ಚಿಗೂ ಅಂತರ ಹೆಚ್ಚಿದ್ದಷ್ಟೂ ಕಣ್ಣಿನ ತಪ್ಪು ಕಡಿಮೆಯಾಗುತ್ತದೆ, ತೂಕ ಒದೆತವನ್ನು ನುಂಗುತ್ತದೆ. ಸದಾ ಮೈಮೇಲೆ ಇರಬೇಕಾದದ್ದಕ್ಕೆ ಈ ಮೂರೂ ಗುಣಗಳು ಶಾಪ. ಉದ್ದ ನಳಿಗೆ ಒರೆಯಿಂದ ಹೊರಬರುವ ಹೊತ್ತಿಗೆ ಆ ಎರಡು ಸೆಕೆಂಡು ಕಳೆದಿರುತ್ತದೆ. ಹಾಗಾದರೆ ಹಗುರವಾದದ್ದು? ಪರಿಚಿತರೊಬ್ಬರಿಂದ ಅದನ್ನೂ ಎರವಲು ತಂದು ನೋಡಿದೆ. ವಿಶೇಷ ಲೋಹಗಳಿಂದ ಮಾಡಿದ .44, ಮುಕ್ಕಾಲು ಕಿಲೋಗಿಂತ ಕಡಿಮೆ. ಜೇಬಿನಲ್ಲಿದ್ದರೂ ಗೊತ್ತಾಗುವುದಿಲ್ಲ. ಭಾರದ ಗುಂಡಿನ ತೋಟೆ ತುಂಬಿ ನಾಲ್ಕು ಹಾರಿಸಿದೆ. ಐದನೆಯದಕ್ಕೆ ಸಿಲಿಂಡರ್ ತಿರುಗಲಿಲ್ಲ. ತೋಟೆಯ ಬಾಯಿ ಗುಂಡನ್ನು ಕಚ್ಚಿ ಹಿಡಿದಿರುತ್ತದೆ. ಹಗುರ ರಿವಾಲ್ವರ್ ರಭಸದಿಂದ ಹಿಂದಕ್ಕೆ ಜಿಗಿದಾಗ ಗುಂಡು ತಾನಿದ್ದಲ್ಲೇ ಉಳಿಯಲು ನೋಡುತ್ತದೆ, ಹಿಡಿತ ಸಡಿಲವಿದ್ದರೆ ಒಂದೊಂದೇ ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ. ಹಾಗೆ ಸರಿದ ಗುಂಡಿನ ಮೂತಿ ಸಿಲಿಂಡರಿನಿಂದ ಹೊರಚಾಚಿ ಚೌಕಟ್ಟಿಗೆ ತಾಗಿ ನಿಂತಿತ್ತು. ಹಲಗೆಯ ಮುಂದೆ ನಿಂತಾಗ ಇದು ಕುತೂಹಲದ ಸಂಗತಿ. ಕರಡಿಯ ಮುಂದೆ ಕೊನೆಯ ಸಂಗತಿ.

ಈಗ ಇಲ್ಲಿಯ ಅನೇಕರು ರಿವಾಲ್ವರ್ ಬಿಟ್ಟು 10 ಎಂಎಂ ಪಿಸ್ತೂಲಿಗೆ ಹೋಗಿದ್ದಾರೆ. ಹದಿನೈದು ತೋಟೆ, ಕಡಿಮೆ ಒದೆತ. ಅವರು ದಡ್ಡರಲ್ಲ. ಆದರೆ ಪಿಸ್ತೂಲಿನ ಮೂತಿ ಪ್ರಾಣಿಯ ಮೈಗೆ ಒತ್ತಿಕೊಂಡರೆ ಅದರ ಮೇಲ್ಭಾಗ ಹಿಂದೆ ಸರಿದು ಹಾರದೆ ಹೋಗಬಹುದು. ಒಂದು ತೋಟೆ ಟುಸ್ಸೆಂದರೆ ಎರಡು ಕೈ ಬೇಕು. ರಿವಾಲ್ವರಿಗೆ ಇನ್ನೊಮ್ಮೆ ಟ್ರಿಗರ್ ಎಳೆದರಾಯಿತು. ಮೇಲಾಗಿ ನನಗೆ ಜಿಂಕೆಯೂ ಬೇಕಿತ್ತಲ್ಲ.

ಊರೊಳಗೆ ಕಟ್ಟಿಕೊಂಡು ತಿರುಗುವ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. 2021ರಿಂದ ಮೊಂಟಾನಾದಲ್ಲಿ ಅಡಗಿಸಿಕೊಂಡು ಒಯ್ಯಲೂ ಪರವಾನಗಿ ಬೇಡ. ತರಕಾರಿ ಅಂಗಡಿಯಲ್ಲಿ ಸೊಂಟದ ಉಬ್ಬು ಕಾಣುವುದು ಇಲ್ಲಿ ಮಾಮೂಲು. ಕರಡಿಯ ಮೂಳೆ ಒಡೆಯಲೆಂದು ಮಾಡಿದ ಗುಂಡು ಗೋಡೆಗಳ ಆಚೆಗೂ ಹೋಗುತ್ತದೆ. ನನ್ನದು ಕಾಡಿಗೆ ಹೊರಡುವ ದಿನ ಕಪಾಟಿನಿಂದ ಹೊರಬರುತ್ತದೆ, ಬಂದ ದಿನ ಒಳಗೆ ಹೋಗುತ್ತದೆ.

ಹೀಗೆ ಬೇಳೆಯ ತಪಸ್ಸಿನ ನಂತರ ಮನೆಗೆ ಬಂದದ್ದು ನಾಲ್ಕು ಇಂಚಿನ ನಳಿಗೆಯ .44, ಆರು ತೋಟೆ, ತುಕ್ಕು ಹಿಡಿಯದ ಉಕ್ಕು. ಮೊದಲ ಎರಡು ತಿಂಗಳು ಬರೀ ಸ್ಪೆಷಲ್ ತೋಟೆ. ಆಮೇಲೆ ಆರರಲ್ಲಿ ಒಂದು ಮ್ಯಾಗ್ನಮ್, ಯಾವುದೆಂದು ನೋಡದೆ ತುಂಬಿಕೊಂಡು. ಆಮೇಲೆ ಮೂರು. ಊಟದ ಕಾಗದದ ತಟ್ಟೆಯನ್ನು ಕಂಬಕ್ಕೆ ಮೊಳೆ ಹೊಡೆದು, ನೆಲಕ್ಕೆ ಕುಳಿತು, ಮೊಣಕೈಗಳನ್ನು ಮಂಡಿಗೆ ಊರಿ ಹೊಡೆಯುವುದು. ಆರಕ್ಕೆ ಆರೂ ತಟ್ಟೆಯೊಳಗೆ ಬಿದ್ದರೆ ಐದು ಹೆಜ್ಜೆ ಹಿಂದೆ. ಒಂದು ಹೊರಗೆ ಹೋದ ಜಾಗವೇ ನಿಮ್ಮ ಗಡಿ. ಜಿಂಕೆಯ ಶ್ವಾಸಕೋಶ ಹೆಚ್ಚು ಕಡಿಮೆ ಆ ತಟ್ಟೆಯಷ್ಟೇ ಅಗಲ. ನನ್ನ ಗಡಿ ನಲವತ್ತು ಹೆಜ್ಜೆಗೆ ನಿಂತಿತು. ರೈಫಲ್ ಹಿಡಿದವರು ಇನ್ನೂರು ಮುನ್ನೂರು ಗಜದ ಮಾತಾಡುವ ಊರಿನಲ್ಲಿ ಇದು ಹೇಳಿಕೊಳ್ಳುವ ಅಂಕಿಯಲ್ಲ. ಆ ವರ್ಷ ಎಪ್ಪತ್ತು ಹೆಜ್ಜೆಯಲ್ಲಿ ನಿಂತ ಎರಡು ಜಿಂಕೆಗಳನ್ನು ನೋಡುತ್ತಾ ಕುಳಿತು, ಅವು ಮೇಯುವುದು ಮುಗಿದ ಮೇಲೆ ಎದ್ದು ಬಂದೆ.

ಮರುವರ್ಷ ಅಕ್ಟೋಬರ್ ಕೊನೆಯ ವಾರ. ತೊರೆಯ ಪಕ್ಕದ ವಿಲೋ ಪೊದೆಗಳ ನಡುವೆ ಕುಳಿತಿದ್ದೆ, ಗಾಳಿ ಮುಖಕ್ಕೆ ಬೀಸುತ್ತಿತ್ತು. ಬಿಳಿಬಾಲದ ಹೆಣ್ಣು ಜಿಂಕೆಯೊಂದು ನೀರಿನಂಚಿಗೆ ಬಂದು ಅಡ್ಡ ನಿಂತಿತು. ಆಮೇಲೆ ಅಳೆದರೆ ಇಪ್ಪತ್ತೆಂಟು ಹೆಜ್ಜೆ. ಒದೆತ ನೆನಪಿಲ್ಲ, ಸದ್ದೂ ನೆನಪಿಲ್ಲ. ಗುರಿಗುಬ್ಬಿಯ ಕೆಂಪು ಚುಕ್ಕೆ ನೆನಪಿದೆ, ಅಂದರೆ ಕಣ್ಣು ತೆರೆದಿತ್ತು. ಅದು ಪೊದೆ ಹಾರಿ ಒಂದಷ್ಟು ದೂರ ಓಡಿ ಬಿತ್ತು.

ಅಲ್ಲಿಂದ ಮುಂದಿನ ಅರ್ಧ ಗಂಟೆಗಾಗಿಯೇ ಈ ರಿವಾಲ್ವರ್ ಬೇಕಿದ್ದದ್ದು ಎಂದು ಮಂಡಿಯೂರಿ ಕುಳಿತಾಗ ಗೊತ್ತಾಯಿತು. ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಇಲ್ಲಿ ಅಪರಾಧ. ಎರಡೂ ಕೈ ಮೊಣಕೈವರೆಗೆ ಜಿಂಕೆಯ ಹೊಟ್ಟೆಯೊಳಗೆ. ಬೆನ್ನ ಹಿಂದೆ ಪೊದೆ. ಕತ್ತಲಾಗಲು ನಲವತ್ತು ನಿಮಿಷ. ಗುಂಡಿನ ಸದ್ದೆಂದರೆ ಗ್ರಿಜ್ಲಿಗೆ ಊಟದ ಗಂಟೆ ಎಂಬುದು ಇಲ್ಲಿಯ ಬೇಟೆಗಾರರ ಮಾತು; ಎಲ್ಲಿ ಸದ್ದಾಯಿತೋ ಅಲ್ಲಿ ಕರುಳು ಸಿಗುತ್ತದೆ ಎಂದು ಅದು ಕಲಿತಿದೆಯಂತೆ. ರೈಫಲ್ ಆಗಿದ್ದರೆ ಮರಕ್ಕೆ ಒರಗಿಸಿ ಇಟ್ಟಿರುತ್ತಿದ್ದೆ, ಹತ್ತು ಹೆಜ್ಜೆ ಆಚೆ. ಇದು ಎದೆಯ ಮೇಲೇ ಇತ್ತು. ಆದರೆ ಒಳಗಿದ್ದದ್ದು ಜಿಂಕೆಯ ಗುಂಡು: ಮೂತಿ ಟೊಳ್ಳಾದ, ಹೊಕ್ಕೊಡನೆ ಅರಳುವ ಗುಂಡು. ಕರಡಿಯ ಕೊಬ್ಬು, ಸ್ನಾಯು, ಮೂಳೆ ದಾಟಲು ಅರಳದ, ಚಪ್ಪಟೆ ಮೂತಿಯ ಗಟ್ಟಿ ಸೀಸ ಬೇಕು. ಅದು ಜೇಬಿನಲ್ಲಿತ್ತು. ರಕ್ತ ಮೆತ್ತಿ ಮರಗಟ್ಟಿದ ಬೆರಳುಗಳಿಂದ ಒಂದನ್ನು ತೆಗೆದು ಇನ್ನೊಂದನ್ನು ತುಂಬಲು ಹೋಗಿ ಎರಡು ತೋಟೆ ಹಿಮಕ್ಕೆ ಬಿದ್ದವು. ಹುಡುಕುತ್ತಾ ತಲೆ ತಗ್ಗಿಸಿದ್ದಾಗ ಪೊದೆಯಲ್ಲಿ ಏನೋ ಸರಕ್ಕೆಂದಿತು. ಕಾಡುಕಾಗೆ.

ಅಂದಿನಿಂದ ಎರಡಕ್ಕೂ ಗಟ್ಟಿ ಸೀಸವನ್ನೇ ತುಂಬುತ್ತೇನೆ. ಜಿಂಕೆಯೂ ಅದಕ್ಕೆ ಬೀಳುತ್ತದೆ, ಸರಿಯಾದ ಜಾಗಕ್ಕೆ ಹೊಡೆದರೆ. ಮಾಂಸವೂ ಕಡಿಮೆ ಹಾಳಾಗುತ್ತದೆ.

ಇಷ್ಟೆಲ್ಲ ಬರೆದವನು ಇನ್ನೊಂದನ್ನು ಮುಚ್ಚಿಡಬಾರದು. ನನ್ನ ಎಡ ಸೊಂಟದಲ್ಲಿ ಕರಡಿ ಸ್ಪ್ರೇ ಇರುತ್ತದೆ, ಮೆಣಸಿನ ಖಾರದ ಡಬ್ಬಿ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮೊದಲಾದವರು ಅಲಾಸ್ಕಾದ ಘಟನೆಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಪ್ರೇ ಕಂದು ಕರಡಿಗಳನ್ನು ನೂರಕ್ಕೆ 92 ಸಲ ತಡೆದಿತ್ತು. ಅದೇ ಸಂಶೋಧಕರು 2012ರಲ್ಲಿ ಬಂದೂಕು ಇದ್ದ 269 ಘಟನೆಗಳನ್ನು ನೋಡಿದರು. ಕೈಬಂದೂಕು ನೂರಕ್ಕೆ 84 ಸಲ ಕೆಲಸ ಮಾಡಿತ್ತು, ಉದ್ದ ಕೋವಿ 76 ಸಲ. ಆದರೆ ಬಂದೂಕು ಹಾರಿಸಿದವರಿಗೂ ಕೈಯಲ್ಲಿದ್ದೂ ಹಾರಿಸದವರಿಗೂ ಆದ ಗಾಯಗಳ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡೂ ಅಧ್ಯಯನಗಳ ಘಟನೆಗಳು ಬೇರೆ ಬೇರೆ ಬಗೆಯವು, ಪಕ್ಕಪಕ್ಕ ಇಟ್ಟು ತೂಗುವಂತಿಲ್ಲ ಎಂದು ವಾದಿಸುವವರಿದ್ದಾರೆ, ಅದರಲ್ಲಿ ಹುರುಳೂ ಇದೆ. ಆದರೂ ಸ್ಪ್ರೇಗೆ ಅಷ್ಟು ನಿಖರವಾದ ಗುರಿ ಬೇಡ, ಮಣಿಕಟ್ಟು ಬೇಡ. ನನ್ನ ಕೈ ಮೊದಲು ಹೋಗಬೇಕಾದದ್ದು ಎಡಕ್ಕೆ. ಎದುರುಗಾಳಿ ಬೀಸುವ ದಿನಗಳಿಗೆ, ಕರಡಿ ಆಗಲೇ ಮೈಮೇಲಿರುವ ಗಳಿಗೆಗೆ ಇನ್ನೊಂದು.

ಹೋದ ಬೇಸಿಗೆಯಲ್ಲಿ ಅಪ್ಪಯ್ಯ ಬಂದಿದ್ದರು. ಮೊದಲ ವಾರವೇ ಕೇಳಿದರು, "ಎಲ್ಲಿಟ್ಟಿದ್ದೀಯೋ ಅದನ್ನು? ತೋರಿಸು." ಖಾಲಿ ಮಾಡಿ ತಂದೆ. ಅವರು ಕೈ ಚಾಚಿದರು. ಪ್ರವಾಸಿ ವೀಸಾದಲ್ಲಿ ಬಂದವರ ಕೈಗೆ ಕೋವಿ ಕೊಡುವಂತಿಲ್ಲ ಎಂದು ನಾನು ಹೇಳಬೇಕಾಯಿತು. ನಲವತ್ತು ವರ್ಷ ಲೈಸೆನ್ಸ್ ನವೀಕರಿಸಿದ ಮನುಷ್ಯ. ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ತೂಕ ಎಷ್ಟು?"

ಅಡುಗೆಮನೆಯ ತಕ್ಕಡಿಯ ಮೇಲೆ ನಾನೇ ಇಟ್ಟೆ. ಬಗ್ಗಿ ಅಂಕಿ ಓದಿದರು. ಕಟ್ಟಿದ ಕೈ ಬಿಚ್ಚಲಿಲ್ಲ.

"ಆಕಾಶಕ್ಕೆ ಹೊಡೆದರೆ ಕರಡಿ ಓಡುತ್ತದಾ?"

"ಇಲ್ಲಿಯ ಕರಡಿ ಸದ್ದು ಕೇಳಿದರೆ ಬರುತ್ತದೆ ಅನ್ನುತ್ತಾರೆ, ಅಪ್ಪಯ್ಯ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದ ಸ್ಪ್ರೇ ಡಬ್ಬಿಯ ಕಡೆ ಗದ್ದ ಎತ್ತಿ, "ಅದನ್ನು ಮುಟ್ಟಬಹುದಾ?" ಎಂದು ಕೇಳಿದರು. ಮುಟ್ಟಬಹುದು ಎಂದೆ. ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವರು ವಾಕಿಂಗ್ ಹೊರಟಾಗಿತ್ತು. ಮೊಳೆ ಖಾಲಿಯಿತ್ತು.